ಅಪ್‌ಡೇಟ್: ಅಪ್ಪನ ಪೆನ್‌ಡ್ರೈವ್‌ಗೆ ಹಾಡು ಬಂತು

ಊರಿನ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಅಪ್ಪನಿಗೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಲು ಭಾವಗೀತೆಗಳನ್ನು ಕಾನೂನುಬದ್ಧವಾಗಿ ಎಲ್ಲಿ ಕೊಳ್ಳಬಹುದು ಎಂದು ಹೋದ ತಿಂಗಳು ಕೇಳಿದ್ದೆ. ಸ್ಪಾಟಿಫೈ ಚಂದಾ ಸಾಕು ಎಂದವರೇ ಹೆಚ್ಚು. ಆದರೆ ಅಲ್ಲಿ ಇಳಿಸಿಕೊಂಡ ಹಾಡು ಆ್ಯಪ್‌ನ ಹೊಸ್ತಿಲು ದಾಟುವುದಿಲ್ಲ. 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ ಸಂಪರ್ಕ ಬೇಕು. ಅದು ಬಾಡಿಗೆ ಮನೆ, ನನಗೆ ಬೇಕಿದ್ದುದು ಸ್ವಂತದ್ದು.

ಕೊನೆಗೆ ಲ್ಯಾಪ್‌ಟಾಪ್‌ನಲ್ಲಿ ಆ್ಯಪಲ್‌ನ ಹಾಡಿನಂಗಡಿ ಐಟ್ಯೂನ್ಸ್ ಸ್ಟೋರ್‌ನಿಂದ ಹನ್ನೆರಡು ಹಾಡು ಕೊಂಡೆ. 2009ರಿಂದ ಅಲ್ಲಿ ಮಾರುವ ಹಾಡುಗಳಿಗೆ ನಕಲು ತಡೆಯುವ ಬೀಗವಿಲ್ಲ. 256 ಕೆಬಿಪಿಎಸ್ ಗುಣಮಟ್ಟದ, ಎಎಸಿ ಎಂಬ ಮಾದರಿಯ ಫೈಲುಗಳು. ಅಪ್ಪನ ಹಳೆಯ ಸ್ಪೀಕರ್ ಅವನ್ನು ಮೂಸಿಯೂ ನೋಡಲಿಲ್ಲ! ಐಟ್ಯೂನ್ಸ್‌ನಲ್ಲೇ ಎಂಪಿ3ಗೆ ಬದಲಾಯಿಸಿದ ಮೇಲೆ ಬಾಯಿ ಬಿಟ್ಟಿತು. (ಆ್ಯಪಲ್ ಮ್ಯೂಸಿಕ್ ಚಂದಾದಲ್ಲಿ ಇಳಿಸಿದ ಹಾಡುಗಳನ್ನು ಹೀಗೆ ಬದಲಾಯಿಸಲಾಗದು.)

ಕಲಾವಿದರೇ ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ತಾಣವನ್ನು ಸೂಚಿಸಿದವರಿಗೆ ಧನ್ಯವಾದ. ಅಪ್ಪನ ಕಾಲದ ಗೀತೆಗಳು ನನಗೆ ಅಲ್ಲಿ ಸಿಗಲಿಲ್ಲ, ಆದರೆ ಬೆಂಗಳೂರಿನ ತಂಡವೊಂದರ ಆಲ್ಬಂ ಅನ್ನು ನನಗಾಗಿಯೇ ಫ್ಲಾಕ್ ರೂಪದಲ್ಲಿ (ಧ್ವನಿಯ ಗುಣಮಟ್ಟ ಕಳೆಯದ ಫೈಲು) ಕೊಂಡೆ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಸಾಮಾನ್ಯವಾಗಿ ಹಿಡಿದುಕೊಳ್ಳುವುದು ಶೇ. 15 ಎಂದು ತಿಳಿದು, ಕೇಳಿದ್ದಕ್ಕಿಂತ ತುಸು ಹೆಚ್ಚೇ ಕೊಟ್ಟೆ.

ಎರಡು ಹಾಡು ಮಾತ್ರ ಎಲ್ಲೂ ಸಿಕ್ಕಿಲ್ಲ. ಅಪ್ಪ ದಿನಾ ಬೇಕೆಂದು ಕೇಳುತ್ತಿರುವುದು ಅವೆರಡನ್ನೇ.