ಕ್ವಾರಂಟೈನ್‌ಗೆ ಕನ್ನಡ ಪದ: 'ದಿಗ್ಬಂಧನ' ಸರಿಯೇ?

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯೊಂದರ ಎರಡು ಫಲಕಗಳಿಗೆ ಪದ ಬೇಕು. ಒಂದು ಕ್ವಾರಂಟೈನ್, ಇನ್ನೊಂದು ಐಸೊಲೇಷನ್. ಕರಡಿನಲ್ಲಿ ಎರಡಕ್ಕೂ 'ದಿಗ್ಬಂಧನ' ಎಂದಿದೆ. ನಾಳೆ ಬೆಳಿಗ್ಗೆ ಫಲಕ ಬರೆಯುವವರು ಬರುತ್ತಾರೆ. ಬಲ್ಲವರು ತಿಳಿಸಬೇಕು.

ಉತ್ತರ: ಮಾನ್ಯರೇ, 'ದಿಗ್ಬಂಧನ'ವನ್ನು ಇವತ್ತೇ ಹೊಡೆದುಹಾಕಿ. ಅದು ಮಂತ್ರದ ಮಾತು. ಜಪಕ್ಕೆ ಮುನ್ನ ಮೈಮುಟ್ಟಿ ಮಂತ್ರ ಹೇಳುವ ನ್ಯಾಸದ ಕೊನೆಗೆ ದಿಕ್ಕು ಕಟ್ಟುವುದು ದುಷ್ಟಶಕ್ತಿ ಒಳಗೆ ಬಾರದಿರಲೆಂದು. ರೋಗಿಗೆ ಗಂಜಿ ಕುಡಿಸಿದ ಹೆಂಗಸು ದುಷ್ಟಶಕ್ತಿಯಲ್ಲ. 'ಬಂಧನ'ವೂ ಸಲ್ಲದು. ಪೊಲೀಸರು ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಇಲ್ಲಿ ಆರೋಪವೇ ಇಲ್ಲ.

ಐಸೊಲೇಷನ್ ರೋಗ ಬಂದವರಿಗೆ. ಕ್ವಾರಂಟೈನ್ ಸೋಂಕು ತಗುಲಿರಬಹುದಾದ, ಇನ್ನೂ ಗಟ್ಟಿಮುಟ್ಟಾಗಿರುವವರಿಗೆ. ಆರೋಗ್ಯವಂತನನ್ನು ಊರಿನ ಹಿತಕ್ಕಾಗಿ ಮನೆಯಲ್ಲೇ ಇರು ಎನ್ನುವಾಗ ಸರ್ಕಾರ ಅವನಿಂದ ಪಡೆಯುವುದು ದೊಡ್ಡ ಸಾಲ. ಸಾಲಕ್ಕೆ ಅವಧಿ ಬೇಕು. ಮೂಲ ಪದದಲ್ಲಿ ಅದಿದೆ: ವೆನಿಸಿನ ಮಾತಿನಲ್ಲಿ ಅದರ ಅರ್ಥ ನಲವತ್ತು ದಿನ. ಅದಕ್ಕೂ ಮೊದಲು, 1377ರಲ್ಲಿ, ರಗೂಸಾ ಪಟ್ಟಣ (ಇಂದಿನ ಕ್ರೊಯೇಷಿಯದ ಡುಬ್ರೊವ್ನಿಕ್) ಸೋಂಕಿನ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗಿರಿಸಿತ್ತು. 2020ರ ಮಾರ್ಚಿನಲ್ಲಿ ನಮ್ಮಲ್ಲಿ ವಿದೇಶದಿಂದ ಬಂದವರ ಕೈಮೇಲೆ ಒತ್ತಿದ ಶಾಯಿಯ ಮುದ್ರೆಯಲ್ಲೂ ಎಂದಿನವರೆಗೆ ಎಂಬ ದಿನಾಂಕವಿತ್ತು. 'ದಿಗ್ಬಂಧನ'ದಲ್ಲಿ ಅದು ಎಲ್ಲಿದೆ?

ಆದ್ದರಿಂದ 'ಗಡುವಿನ ವಾಸ' ಎನ್ನಿ. ಗಡು, ಗಡುವು ನಮ್ಮವೇ. ತೆಲುಗಿನ ಗಡುವು, ತಮಿಳಿನ ಕೆಡು ಇದೇ ಮನೆಯವು. 'ಗಡುವಾಸ' ಎಂದು ಮಾತ್ರ ಬೆಸೆಯಬೇಡಿ, ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸವಾಗುತ್ತದೆ. 'ಗಡುವಿನ' ಎಂದು ಷಷ್ಠಿ ವಿಭಕ್ತಿ ಉಳಿಸಿಕೊಂಡರೆ ಆ ತಕರಾರಿಲ್ಲ. ಐಸೊಲೇಷನ್‌ಗೆ 'ರೋಗಿಗಳ ಪ್ರತ್ಯೇಕ ಕೊಠಡಿ' ಸಾಕು.

'ನಿಗಾವಾಸ' ಸೂಚಿಸಿದವರಿಗೆ: ನಿಗಾ ಪಾರಸಿಯದೆಂದು ನಾನು ತಳ್ಳುತ್ತಿಲ್ಲ. ಹೊರಗಿನವೆಂದು ರುಜು, ದವಾಖಾನೆ, ಕಚೇರಿಗಳನ್ನು ತಳ್ಳಿದರೆ ನಾಡಿನ ಆಡಳಿತದಲ್ಲಿ ಮಾತೇ ಉಳಿಯುವುದಿಲ್ಲ. 'ತೀವ್ರ ನಿಗಾ ಘಟಕ'ದ ಬಾಗಿಲಲ್ಲಿ ಕಾದು ಕುಳಿತವರಿಗೆ ಆ ಪದ ಸಾವಿನ ಭಯ ಹುಟ್ಟಿಸುತ್ತದೆ, ಅದಕ್ಕೆ ಬೇಡ.

'ಕ್ವಾರಂಟೈನ್ ಎಲ್ಲರಿಗೂ ಗೊತ್ತು, ಹಾಗೇ ಬರೆಯಿರಿ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಪದ ಮೊದಲು ಕಿವಿಗೆ ಬಿದ್ದಾಗ ನನ್ನ ಸೋದರತ್ತೆ ಹೊಸಿಲಲ್ಲೇ ಕುಸಿದು ಕುಳಿತು, 'ನಮ್ಮ ಮೇಲೆ ವಾರಂಟ್ ಯಾಕೆ?' ಎಂದು ಕೇಳಿದ್ದರು. ಎರಡು ದಿನ ಅನ್ನ ಮುಟ್ಟಲಿಲ್ಲ. ಗೊತ್ತಿರುವುದು ಯಾರಿಗೆ?

ಮನೆಬಾಗಿಲಿಗೆ ಅಂಟಿಸುವ ಚೀಟಿಗೂ 'ಗಡುವಿನ ವಾಸ' ಬಳಸುವ ಯೋಚನೆಯಿದ್ದರೆ ಬಿಡಿ. ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಕೋವಿಡ್ ರೋಗಿಗಳ ಮನೆಗೆ ಅಂಥ ಚೀಟಿ ಹಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಿದೆ. ಅಮ್ಮ ಬಂದ ಮನೆಗೆ ಬೇವಿನ ಸೊಪ್ಪನ್ನು ಮನೆಯವರೇ ಕಟ್ಟಿಕೊಳ್ಳುತ್ತಿದ್ದರು. ಹೊರಗಿನವರು ಬಂದು ಅಂಟಿಸುವುದು ಬೇರೆ.

ಫಲಕ ಬರೆಯುವವರಿಗೆ ಒಂದು ಮಾತು ಹೇಳಿ: 'ಗಡುವಿನ ವಾಸ'ದ ಕೆಳಗೆ '…ರವರೆಗೆ' ಎಂದು ಬರೆದು, ಸೀಮೆಸುಣ್ಣದಲ್ಲಿ ದಿನಾಂಕ ತುಂಬುವಷ್ಟು ಜಾಗ ಬಿಡಲಿ.