ಸಿಲಿಕೋನ್ ಮಾತ್ರ ಹಾಕ್ಬೇಡಿ ಭಾವ

(ಗುಂಪು: ಮೂರು ಮನೆ ಟ್ರೇಲರ್)

ನಾನು: ನಮ್ಮ ಕ್ಯಾಂಪಿಂಗ್ ಟ್ರೇಲರ್ ಹಿಂದಿನ ಎಡಗಡೆ ಮೂಲೆ ಫೋಟೊ ಹಾಕಿದೀನಿ, ಎಲ್ರೂ ನೋಡಿ. ಮಕ್ಕಳು ಮಲಗೋ ಬಂಕ್ ಪಕ್ಕದ ಗೋಡೆ ಮೆತ್ತಗಾಗಿದೆ, ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗುತ್ತೆ

ಸಿಯಾಟಲ್ ಭಾವ: ಹೊರಗಡೆ ಗೋಡೆ ಸೇರೋ ಸೀಮ್ ಬಿಟ್ಕೊಂಡಿರತ್ತೆ ಅಷ್ಟೇ. ಸಿಲಿಕೋನ್ ಎರಡು ಟ್ಯೂಬ್ ತಂದಿಟ್ಟಿದೀನಿ, ಶನಿವಾರ ಬಂದು ಅರ್ಧ ಗಂಟೇಲಿ ಎಳೆದುಬಿಡ್ತೀನಿ. 24ಕ್ಕೆ ಕ್ಯಾನನ್ ಬೀಚ್ ಬುಕ್ ಆಗಿದೆ, ನೆನಪಿರಲಿ

ನಾನು: ಭಾವ, ದಯವಿಟ್ಟು ಸಿಲಿಕೋನ್ ಮಾತ್ರ ಹಾಕ್ಬೇಡಿ

ಸಿಯಾಟಲ್ ಭಾವ: ಯಾಕೆ? ನಮ್ಮನೆ ಬಾತ್‌ರೂಮಿಗೆ ಹಾಕಿ ಆರು ವರ್ಷ ಆಯ್ತು, ಒಂದು ಹನಿ ಲೀಕ್ ಇಲ್ಲ

ನಾನು: ಬಾತ್‌ರೂಮ್ ಟೈಲ್ಸ್ ನಿಂತಲ್ಲೇ ನಿಂತಿರತ್ತೆ, ಇದು ಐ-5 ಹೆದ್ದಾರಿ ಮೇಲೆ ಗಂಟೆಗೆ 60 ಮೈಲಿ ಓಡ್ತಾ ದಾರಿಯುದ್ದಕ್ಕೂ ಅಲುಗಾಡತ್ತೆ, ಬಿಸಿಲಿಗೆ ಹಿಗ್ಗತ್ತೆ ಚಳಿಗೆ ಕುಗ್ಗತ್ತೆ. ಸಿಲಿಕೋನ್ ರಬ್ಬರ್ ಥರ ಎಳೆದಷ್ಟೂ ಹಿಗ್ಗತ್ತೆ, ಅದು ಒಪ್ತೀನಿ, ಆದ್ರೆ ಒಂದು ದಿನ ಅಂಚಲ್ಲಿ ಬಿಟ್ಕೊಂಡೇ ಬಿಟ್ಕೊಳ್ಳತ್ತೆ, ಆಮೇಲೆ ಅದನ್ನ ಎಷ್ಟು ಕೆರೆದ್ರೂ ಕಣ್ಣಿಗೆ ಕಾಣದ ಎಣ್ಣೆ ಥರದ ಪೊರೆ ಉಳಿಯತ್ತೆ, ಅದರ ಮೇಲೆ ಸಂದು ಮುಚ್ಚೋ ಬೇರೆ ಯಾವ ಸೀಲೆಂಟೂ ಹಿಡಿಯಲ್ಲ, ಪೇಂಟ್ ಹಿಡಿಯಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯಲ್ಲ. ಮುಂದಿನ ಸಲ ರಿಪೇರಿ ಮಾಡೋ ದಾರೀನೇ ಮುಚ್ಚಿಹೋಗತ್ತೆ

ಪೋರ್ಟ್‌ಲ್ಯಾಂಡ್ ದೊಡ್ಡಣ್ಣ: ಇಷ್ಟೆಲ್ಲ ಯಾಕೆ ಕಣೋ. ಎಟರ್ನಾಬಾಂಡ್ ಟೇಪ್ ತಗೊಂಡು ಮೇಲಿಂದ ಕೆಳಗಿನ ತನಕ ಅಂಟಿಸಿ ರೋಲರ್‌ನಲ್ಲಿ ಒತ್ತಿದ್ರೆ ಮುಗೀತು. ನಾವು ಬದುಕಿರೋ ತನಕ ಬಿಡಲ್ಲ ಅದು

ನಾನು: ದೊಡ್ಡಣ್ಣ ಅದು ಬಿಡಲ್ಲ ಅನ್ನೋದೇ ತೊಂದರೆ. ಚಾವಣಿ ಅಂಚಿಗೆ ಆದ್ರೆ ಸರಿ, ಒಳಗೆ ಪೂರ್ತಿ ಒಣಗಿದ ಮೇಲೆ. ಈ ಮೂಲೆಗೆ ಈಗ ಅಂಟಿಸಿದ್ರೆ ಒಳಗಿರೋ ನೀರಿಗೆ ನಾವೇ ಮುಚ್ಚಳ ಹಾಕಿದ ಹಾಗೆ. ಮೂಲೆ ಮುಚ್ಚೋ ಪಟ್ಟಿಯ ಸ್ಕ್ರೂ ಎಲ್ಲ ಟೇಪ್ ಕೆಳಗೆ ಸೇರ್ಕೊಳ್ತವೆ, ನಾಳೆ ಬಿಚ್ಚಬೇಕು ಅಂದ್ರೆ ಗೋಡೆ ಫೈಬರ್‌ಗ್ಲಾಸೇ ಕಿತ್ಕೊಂಡು ಬರತ್ತೆ

ಅಕ್ಕ: ಯಾವ್ದೋ ಒಂದು ಹಾಕಿ ಮೊದ್ಲು. ಹೋದ ಸಲ ಆ ಬಂಕ್‌ನಲ್ಲಿ ಮಲಗಿ ಎದ್ದ ಮೇಲೇ ಚಿಕ್ಕವಳಿಗೆ ಕೆಮ್ಮು ಶುರುವಾಗಿದ್ದು, ಬೂಸ್ಟು ವಾಸನೆ ಅಂತ ನಾನು ಆವಾಗ್ಲೇ ಹೇಳಿದ್ದೆ, ಯಾರೂ ಕೇಳ್ಲಿಲ್ಲ

ನಾನು: ಅಕ್ಕ ನೀನು ಹೇಳಿದ್ದೇ ನಿಜ. ಇವತ್ತು ಮೂಲೆ ಪಟ್ಟಿಯೊಳಗಿನ ಪ್ಲಾಸ್ಟಿಕ್ ರಿಬ್ಬನ್ ಎಳೆದೆ, ಅದು ಕುಗ್ಗಿ ಎರಡೂ ತುದೀಲಿ ಒಂದೊಂದು ಇಂಚು ಬಿಟ್ಕೊಂಡಿತ್ತು. ಒಳಗೆ ಸ್ಕ್ರೂ ಎಲ್ಲ ತುಕ್ಕು. ನಾಲ್ಕನೇದಕ್ಕೆ ಸ್ಕ್ರೂಡ್ರೈವರ್ ಇಟ್ರೆ ಸುಮ್ನೆ ಗರಗರ ತಿರುಗ್ತು, ಹಿಡ್ಕೊಳ್ಳೋಕೆ ಮರಾನೇ ಇಲ್ಲ. ಪಟ್ಟಿ ಎತ್ತಿ ನೋಡಿದ್ರೆ ಹಿಂದಿದ್ದ ಬ್ಯುಟೈಲ್ ಟೇಪ್, ಅದೇ ನೀರು ತಡೆಯೋ ರಬ್ಬರ್ ಅಂಟುಪಟ್ಟಿ, ಹುರಿದ ಹಪ್ಪಳದ ಹಾಗೆ ಪಟಪಟ ಮುರೀತು, ಅದರ ಹಿಂದಿನ ಪ್ಲೈವುಡ್ ಕಾಫಿಗೆ ಅದ್ದಿದ ರಸ್ಕ್ ಥರ ಕೈಗೆ ಬಂತು

ತೀರ್ಥಹಳ್ಳಿ ಅಪ್ಪ: ಮಗಾ, ನೀರು ಒಳಗೆ ಇಳಿಯುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು ಮಾರಾಯ. ನಮ್ಮ ಹೆಂಚಿನ ಮನೆಯಲ್ಲಿ ಅಡುಗೆಮನೆ ಸೋರಿದ್ರೆ ಒಡೆದ ಹೆಂಚು ನಡುಮನೆ ಮೇಲೆ ಇರ್ತಿತ್ತು. ಮೇಲೆ ಹತ್ತಿ ನೋಡು

ನಾನು: ಹತ್ತಿದ್ದೆ ಅಪ್ಪ, ಅದೇ ಆಗಿದೆ. ಹಿಂದೆ ಮೇಲಿರೋ ಕೆಂಪು ಮಾರ್ಕರ್ ಲೈಟ್ ಬುಡದಲ್ಲಿ ಸೀಲೆಂಟ್ ಬಿರುಕು ಬಿಟ್ಟಿದೆ. ಅಲ್ಲಿಂದ ಇಳಿದು ಮೂಲೆ ಹಿಡಿದು ಬಂಕ್ ತನಕ ಬಂದಿದೆ. ಇನ್ನೊಂದೂ ಹೇಳ್ಬೇಕು, ಅದೇ ಕಡೆ ಕಿಟಕಿ ಫ್ರೇಮ್ ಕೆಳಗಿನ ಚಿಕ್ಕ ತೂತುಗಳು ಸಿಲಿಕೋನ್‌ನಲ್ಲಿ ಮುಚ್ಚಿವೆ. ಅವು ನೀರು ಹೊರಗೆ ಹೋಗೋಕೆ ಅಂತಾನೇ ಬಿಟ್ಟಿರೋದು. ಕಳೆದ ವರ್ಷ ಭಾವ ಹಾಕಿದ್ದು

ಸಿಯಾಟಲ್ ಭಾವ: ಈ ಮೆಸೇಜ್ ಡಿಲೀಟ್ ಮಾಡಲಾಗಿದೆ

ಸಿಯಾಟಲ್ ಭಾವ: ಅಂದ್ರೆ ಎಲ್ಲ ನನ್ನಿಂದಲೇ ಆಯ್ತು ಅಂತಾನಾ? ನೀವಿಬ್ರೂ ಬರದೇ ಇದ್ದ ದಿನ ಮಳೇಲಿ ನಿಂತು ಒಬ್ನೇ ಮಾಡಿದ್ದು ನಾನು

ಅಕ್ಕ: ರೀ ಅವನು ಹಾಗಲ್ಲ ಹೇಳಿದ್ದು

ನಾನು: ಭಾವ ನಿಮ್ಮ ಮೇಲೆ ಹಾಕೋಕೆ ಹೇಳಿದ್ದಲ್ಲ, ಆವತ್ತು ನಾನು ಬರಬೇಕಿತ್ತು, ಬರಲಿಲ್ಲ, ತಪ್ಪು ನಂದೇ. ಆದ್ರೆ ಆ ತೂತು ತೆಗೀಲೇಬೇಕು, ಇಲ್ಲಾಂದ್ರೆ ಕಿಟಕಿ ಚಾನೆಲ್‌ನಲ್ಲಿ ನಿಂತ ನೀರು ಗೋಡೆಯೊಳಗೇ ಇಳಿಯತ್ತೆ

ಪೋರ್ಟ್‌ಲ್ಯಾಂಡ್ ದೊಡ್ಡಣ್ಣ: ಸರಿ ಮತ್ತೆ ಏನು ಹಾಕೋದು ಹೇಳು, ಲಿಸ್ಟ್ ಕೊಡು ಆರ್ಡರ್ ಮಾಡ್ತೀನಿ

ನಾನು: ಜಾಗ ನೋಡ್ಕೊಂಡು ಹಾಕ್ಬೇಕು. ಚಾವಣಿ ಮೇಲೆ ಮಟ್ಟವಾಗಿರೋ ಕಡೆ ಡೈಕರ್ 501 ಸೀಲೆಂಟ್, ಸೆಲ್ಫ್ ಲೆವೆಲಿಂಗ್, ದೋಸೆಹಿಟ್ಟಿನ ಥರ ತಾನೇ ಹರಡಿ ಸ್ಕ್ರೂ ತಲೆ ಮುಚ್ಕೊಳ್ಳತ್ತೆ. ಅದನ್ನೇ ಗೋಡೆಗೆ ಹಾಕಿದ್ರೆ ಇಳಿದು ಬಂಪರ್‌ಗೆ ಬರತ್ತೆ, ಅಲ್ಲಿಗೆ ಡೈಕರ್ 551 ನಾನ್ ಸ್ಯಾಗ್, ಅಂದ್ರೆ ಇಳಿಯದೇ ನಿಲ್ಲೋದು, ಇಲ್ಲಾಂದ್ರೆ ಪ್ರೋಫ್ಲೆಕ್ಸ್ ಸೀಲೆಂಟ್. ಮೂಲೆ ಪಟ್ಟಿ ಮತ್ತೆ ಲೈಟ್ ಹಿಂದೆ ಹೊಸ ಬ್ಯುಟೈಲ್ ಟೇಪ್, ಅದೇ ಮುಖ್ಯ, ಮೇಲೆ ಎಳೆಯೋ ಟ್ಯೂಬ್ ಬರೀ ಕಾವಲು. 3ಎಂ 5200 ಪಾಲಿಯುರೆಥೇನ್ ಅಂಟು ತರಬೇಡಿ, ಅದು ಅಂಟಿದ್ರೆ ಬಿಚ್ಚೋ ಹಾಗೇ ಇಲ್ಲ. ಚಾವಣಿ ಹೊದಿಕೆ ಇಪಿಡಿಎಂ ಅನ್ನೋ ರಬ್ಬರ್, ಅದನ್ನ ಒರೆಸೋಕೆ ಐಸೊಪ್ರೊಪೈಲ್ ಆಲ್ಕೊಹಾಲ್, ಪೆಟ್ರೋಲಿಯಂ ಥಿನ್ನರ್ ತಾಗಿದ್ರೆ ರಬ್ಬರ್ ಉಬ್ಬತ್ತೆ. ಕೆರೆಯೋಕೆ ಪ್ಲಾಸ್ಟಿಕ್ ಸ್ಕ್ರೇಪರ್, ಚಾಕು ಬೇಡ

ಪೋರ್ಟ್‌ಲ್ಯಾಂಡ್ ದೊಡ್ಡಣ್ಣ: ಚಾವಣಿ ಅಂಚಿಗೆ ಟೇಪ್ ನಾನು ಹಾಕೇ ಹಾಕ್ತೀನಿ, ಅದರಲ್ಲಿ ಮಾತಿಲ್ಲ

ನಾನು: ಹಾಕಿ ದೊಡ್ಡಣ್ಣ, ಒಣಗಿದ ಮೇಲೆ

ಅಕ್ಕ: 24ರದ್ದು ಕ್ಯಾನ್ಸಲ್ ಮಾಡಿದೀನಿ. ಮಕ್ಕಳಿಗೆ ನಾನೇ ಹೇಳ್ತೀನಿ

ಸಿಯಾಟಲ್ ಭಾವ: ಸಿಲಿಕೋನ್ ವಾಪಸ್ ಕೊಟ್ಬಂದೆ. ಕಿಟಕಿ ಕೆರೆಯೋ ಕೆಲಸ ನಂಗೇ ಬಿಡಿ, ಹಾಕಿದವನೇ ತೆಗೀತೀನಿ. ಬ್ಯುಟೈಲ್ ಎಷ್ಟು ಅಗಲದ್ದು?

ನಾನು: ಮುಕ್ಕಾಲು ಇಂಚು ಭಾವ, ಎರಡು ರೋಲ್. ಪಟ್ಟಿ ಬಿಚ್ಚಿ ಮೇಲೆ ಟಾರ್ಪಾಲ್ ಹೊದಿಸಿ ಒಳಗೆ ಫ್ಯಾನ್ ಹಾಕಿದೀನಿ. ಮರದ ತೇವ ಅಳೆಯೋ ಮಾಯಿಶ್ಚರ್ ಮೀಟರ್ ಇವತ್ತು ಶೇಕಡಾ 31 ತೋರಿಸ್ತಿದೆ, 15ಕ್ಕಿಂತ ಕೆಳಗೆ ಇಳಿಯೋ ತನಕ ಯಾರೂ ಏನೂ ಅಂಟಿಸ್ಬೇಡಿ