ಪದಚರ್ಚೆ: ಜೀನಿನ ‘ಅಭಿವ್ಯಕ್ತಿ’, ಕೋಶದ ‘ಸಂಕೇತ’, ‘ಆಕ್ರಮಣಕಾರಿ’ ಕ್ಯಾನ್ಸರ್

ಎಲ್ಲರಿಗೂ ನಮಸ್ಕಾರ.

ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ವರದಿಯಲ್ಲಿ ‘ಹರ್-2 ಪಾಸಿಟಿವ್’ ಎಂದಿದೆ. ಹಾಗಂದರೇನು ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಲು ಕೂತೆ. ಮೂರು ಪದಗಳು ದಾರಿ ಬಿಡುತ್ತಿಲ್ಲ.

ಹರ್-2 ಒಂದು ಜೀನ್, ಅಂದರೆ ವಂಶವಾಹಿ. ಅದರಲ್ಲಿರುವುದನ್ನು ಓದಿಕೊಂಡು ಜೀವಕೋಶ ಒಂದು ಪ್ರೋಟೀನ್ ತಯಾರಿಸಿ ತನ್ನ ಹೊರಪೊರೆಯಲ್ಲಿ ನಿಲ್ಲಿಸುತ್ತದೆ. ಸಾಮಾನ್ಯ ಕೋಶದಲ್ಲಿ ಈ ಜೀನಿನ ಎರಡು ಪ್ರತಿಗಳಿರುತ್ತವೆ. ಈ ಬಗೆಯ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಪ್ರತಿಗಳೇ ಹೆಚ್ಚಾಗಿ, ಪ್ರೋಟೀನ್ ಪೊರೆಯ ತುಂಬ ಕಿಕ್ಕಿರಿಯುತ್ತದೆ. ಅಕ್ಕಪಕ್ಕದವು ಜೋಡಿಯಾಗಿ, ಹೊರಗಿನಿಂದ ಯಾವ ಕರೆ ಬರದಿದ್ದರೂ ‘ಒಡೆದು ಎರಡಾಗು’ ಎಂದು ಒಳಗೆ ತಿಳಿಸುತ್ತಲೇ ಇರುತ್ತವೆ. ನೂರು ಸ್ತನ ಕ್ಯಾನ್ಸರುಗಳಲ್ಲಿ ಸುಮಾರು 15ರಿಂದ 20 ಈ ಬಗೆಯವು.

ಇದಕ್ಕೆ ಪುಸ್ತಕದ ಮಾತು ‘ವಂಶವಾಹಿಯ ಅತಿ ಅಭಿವ್ಯಕ್ತಿ’. ಅಭಿವ್ಯಕ್ತಿ ಎಂದರೆ ನಮಗೆ ಮನಸ್ಸಿನದನ್ನು ಹೊರಗೆ ಹೇಳುವುದು. ‘ಜೀನ್ ಚುರುಕಾಗಿದೆ’ ಎಂದು ಬರೆದು ನೋಡಿದೆ. ಚುರುಕು ಎಂದರೆ ಒಳ್ಳೆಯದು ಅಲ್ವಾ? ಸದ್ಯಕ್ಕೆ ‘ಜೀನ್ ಜಾಸ್ತಿ ದುಡಿಯುತ್ತಿದೆ’ ಎಂದಿಟ್ಟಿದ್ದೇನೆ.

ಕೋಶದ ಒಳಗೆ ಸಾಗುವ ಆ ಸುದ್ದಿಗೆ ‘ಸಂಕೇತ’ ಎನ್ನುತ್ತಾರೆ. ನನಗೆ ‘ಸನ್ನೆ’ ಹಿಡಿಸುತ್ತದೆ. ಸಂಕೇತ ಬೋರ್ಡಿನ ಮೇಲೆ ಸುಮ್ನೆ ನಿಂತಿರಬಹುದು. ಸನ್ನೆಯನ್ನು ಒಬ್ಬರು ಮಾಡಬೇಕು, ಇನ್ನೊಬ್ಬರು ನೋಡಿ ನಡೆದುಕೊಳ್ಳಬೇಕು. ಕಣ್ಸನ್ನೆ, ಕೈಸನ್ನೆ ಎಲ್ಲರ ಬಾಯಲ್ಲೂ ಇವೆ. ಒಂದು ಪ್ರೋಟೀನ್ ಮುಂದಿನದನ್ನು ಎಬ್ಬಿಸಿ, ಅದು ಅದರಾಚೆಯದನ್ನು ಎಬ್ಬಿಸುವುದಕ್ಕೆ ‘ಸನ್ನೆಸಾಲು’ ಎನ್ನಬಹುದಾ? ಭಾರ ಎತ್ತುವ ಸನ್ನೆಕೋಲು ನೆನಪಾಗಿ ಗೊಂದಲವಾಗುತ್ತದಾ?

ನನ್ನನ್ನು ಜಾಸ್ತಿ ಕಾಡುತ್ತಿರುವುದು ‘ಆಕ್ರಮಣಕಾರಿ’. ಇನ್ವೇಸಿವ್, ಅಗ್ರೆಸಿವ್ ಎರಡಕ್ಕೂ ಇದನ್ನೇ ಬಳಸುತ್ತಾರೆ. ವರದಿಯ ಮೊದಲ ಸಾಲಿನ ಇನ್ವೇಸಿವ್ ಎಂದರೆ ಗಡ್ಡೆ ಹಾಲಿನ ನಾಳದ ಗೋಡೆ ದಾಟಿ ಸುತ್ತಲಿನ ಭಾಗಕ್ಕೆ ಬಂದಿದೆ ಎಂದಷ್ಟೇ. ಎಷ್ಟು ಬೇಗ ಬೆಳೆಯುತ್ತದೆ ಎಂಬುದು ಬೇರೆ ಮಾತು, ಅದು ಅಗ್ರೆಸಿವ್. ಚಿಕ್ಕಮ್ಮ ಆ ಒಂದು ಪದ ಕೇಳಿಯೇ ಎರಡು ದಿನ ಊಟ ಬಿಟ್ಟರು. ಹರ್-2 ಬಗೆಯದು ಬೇಗ ಬೆಳೆಯುತ್ತದೆ, ನಿಜ. ಆದರೆ ಆ ಪ್ರೋಟೀನಿಗೇ ಅಂಟಿಕೊಂಡು ಸನ್ನೆ ತಡೆಯುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿಗೆ 1998ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದನ್ನೂ ಹಾಳೆಯಲ್ಲಿ ಬರೆದಿದ್ದೇನೆ.

‘ಗೋಡೆ ದಾಟಿದ’, ‘ಬೇಗ ಬೆಳೆಯುವ’ ಎಂದು ಎರಡು ಬೇರೆ ಮಾತು ಇಟ್ಟರೆ ಸರಿಯಾಗುತ್ತದಾ? ನಿಮ್ಮ ಕಡೆ ಇದಕ್ಕಿಂತ ಒಳ್ಳೆಯ ಪದ ಇದ್ದರೆ ದಯವಿಟ್ಟು ತಿಳಿಸಿ. ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಅಷ್ಟರೊಳಗೆ ಹಾಳೆ ತಿದ್ದಿಕೊಳ್ಳಬೇಕು.